ಎರಡು ಕೆರೆ, ಒಂದು ಏರಿ, ಒಂದು ಕೋಡಿ: ಫಿನ್ಲೆಂಡಿನ ತಾಂಪೆರೆಯಲ್ಲಿ ನೀರಿನ ದಂಡೆ ಹಿಡಿದು ಓಡುವವರಿಗೆ ಸಮಗ್ರ ಮಾರ್ಗದರ್ಶಿ

ತಾಂಪೆರೆಗೆ ಬಂದ ಮೊದಲ ವರ್ಷ, ನವೆಂಬರ್ ಕೊನೆಯಲ್ಲಿ, ಓಡಲು ಹೋಗಿ ದಾರಿ ತಪ್ಪಿದ್ದೆ. ಸಂಜೆ ನಾಲ್ಕೂವರೆಗೇ ಕಗ್ಗತ್ತಲು. ಚಳಿಗೆ ಫೋನಿನ ಬ್ಯಾಟರಿ ಸತ್ತಿತ್ತು. ರಸ್ತೆಗಳ ಹೆಸರೋ, ಒಂದೊಂದೂ ಗೂಡ್ಸ್ ರೈಲಿನಷ್ಟು ಉದ್ದ. ಒಂದು ಸೇತುವೆ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿದೆ. ನೀರು ಒಂದೇ ಕಡೆಗೆ ರಭಸವಾಗಿ ಇಳಿಯುತ್ತಿತ್ತು. ನನ್ನ ಮನೆ ಇದ್ದದ್ದು ಕೆಳಗಿನ ಕೆರೆಯ ಪಕ್ಕ. ಸುಮ್ನೆ ನೀರಿನ ಜೊತೆ ಹೋದೆ. ಹತ್ತು ನಿಮಿಷದಲ್ಲಿ ಮನೆ ಬಾಗಿಲಲ್ಲಿದ್ದೆ.

ಅವತ್ತಿನಿಂದ ಈ ಊರಲ್ಲಿ ನಾನು ನಕ್ಷೆ ನೋಡಿಕೊಂಡು ಓಡಿಲ್ಲ. ನೀರು ಯಾವ ಕೈಗೆ ಇದೆ ಅಂತ ಗೊತ್ತಿದ್ದರೆ ಸಾಕು. ಕೆಲಸಕ್ಕೆ, ಓದಿಗೆ ಅಥವಾ ನಾಲ್ಕು ದಿನದ ಪ್ರವಾಸಕ್ಕೆ ಇಲ್ಲಿಗೆ ಬರುವ, ಬೆಳಗ್ಗೆ ಎದ್ದು ಓಡುವ ಚಟ ಇರುವ ಕನ್ನಡಿಗರಿಗಾಗಿ ಆ ಲೆಕ್ಕವನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಮೊದಲು ಊರಿನ ಆಕಾರ ತಲೆಗೆ ಇಳಿಯಲಿ

ನಮ್ಮ ಕಡೆ ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹರಿಯುತ್ತದೆ. ತಾಂಪೆರೆ ಅಂದರೆ ಅಷ್ಟೇ, ಅಳತೆ ಮಾತ್ರ ದೊಡ್ಡದು. ಉತ್ತರಕ್ಕೆ ನ್ಯಾಸಿಯಾರ್ವಿ. ದಕ್ಷಿಣಕ್ಕೆ ಪ್ಯುಹಾಯಾರ್ವಿ. 'ಯಾರ್ವಿ' ಎಂದರೆ ಕೆರೆ, 'ಪ್ಯುಹಾ' ಎಂದರೆ ಪವಿತ್ರ. ಮೇಲಿನ ಕೆರೆಯ ನೀರು ಸಮುದ್ರ ಮಟ್ಟದಿಂದ 95 ಮೀಟರ್ ಎತ್ತರದಲ್ಲಿದೆ, ಕೆಳಗಿನದ್ದು 77 ಮೀಟರ್. ಈ 18 ಮೀಟರ್ ಇಳಿಜಾರನ್ನು ನೀರು ಎರಡು ಕಿಲೋಮೀಟರಿಗೂ ಕಮ್ಮಿ ದೂರದಲ್ಲಿ ಇಳಿಯುತ್ತದೆ. ಆ ಹೊಳೆಯ ಹೆಸರು ತಮ್ಮೆರ್ಕೊಸ್ಕಿ. 'ಕೊಸ್ಕಿ' ಎಂದರೆ ನೀರು ಧುಮ್ಮಿಕ್ಕಿ ಹರಿಯುವ ಜಾಗ.

ಊರು ಹುಟ್ಟಿದ್ದೇ ಈ ಇಳಿಜಾರಿನಿಂದ. ಸ್ವೀಡನ್ನಿನ ದೊರೆ 3ನೇ ಗುಸ್ತಾವ್ 1779ರಲ್ಲಿ ಇಲ್ಲಿ ಪಟ್ಟಣ ಕಟ್ಟಿಸಿದ. 1820ರಲ್ಲಿ ಜೇಮ್ಸ್ ಫಿನ್ಲೇಸನ್ ಎಂಬ ಸ್ಕಾಟ್ಲೆಂಡಿನವನು ಹೊಳೆಯ ದಂಡೆಯಲ್ಲಿ ಶುರು ಮಾಡಿದ ಕಾರ್ಖಾನೆ ಮುಂದೆ ದೊಡ್ಡ ಹತ್ತಿ ಗಿರಣಿಯಾಯಿತು. 1865ರಲ್ಲಿ ಫ್ರೆಡ್ರಿಕ್ ಇದೆಸ್ತಾಮ್ ಇದೇ ದಂಡೆಯಲ್ಲಿ ಮರದ ತಿರುಳಿನ ಗಿರಣಿ ಹಾಕಿದ. ಎರಡನೇ ಗಿರಣಿಯನ್ನು ಪಶ್ಚಿಮಕ್ಕಿರುವ ನೋಕಿಯಾ ಎಂಬ ಊರಲ್ಲಿ ಕಟ್ಟಿದ. ಹೌದು, ಒಂದು ಕಾಲಕ್ಕೆ ನಮ್ಮೆಲ್ಲರ ಜೇಬಿನಲ್ಲಿದ್ದ ಆ ನೋಕಿಯಾದ ಬೇರು ಇಲ್ಲಿದೆ. ಆ ಕಂಪನಿಯ ಕೆಲಸಕ್ಕೆ ಬೆಂಗಳೂರಿನಿಂದ ಬಂದವರು ಅದೇ ಹೊಳೆಯ ಪಕ್ಕ ಬೆವರು ಸುರಿಸಿ ಓಡುವುದು ನೋಡಿದರೆ ನಗು ಬರುತ್ತದೆ.

ಎರಡು ಕೆರೆಗಳ ನಡುವೆ, ಹೊಳೆಯಿಂದ ಪಶ್ಚಿಮಕ್ಕೆ, ಒಂದು ಉದ್ದನೆಯ ದಿಬ್ಬ ಇದೆ. ನೋಡಿದರೆ ನಮ್ಮ ಕೆರೆ ಏರಿ ಥರಾನೇ. ಆದರೆ ಇದನ್ನು ಯಾವ ಪಾಳೇಗಾರನೂ ಕಟ್ಟಿಸಿದ್ದಲ್ಲ. ಹಿಮಯುಗ ಮುಗಿಯುವಾಗ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ, ಕರಗುತ್ತಿದ್ದ ಹಿಮದ ನೀರು ಮರಳು, ಜಲ್ಲಿ ತಂದು ಸುರಿದು ಹೋದದ್ದು. ಕೆಳಗಿನ ಕೆರೆಯಿಂದ ಅಳೆದರೆ ಸುಮಾರು 80 ಮೀಟರ್ ಎತ್ತರ. ಊರಿನ ಕಡೆಯ ಭಾಗ ಪ್ಯೂನಿಕ್ಕಿ, ಪಶ್ಚಿಮದ ತುದಿ ಪಿಸ್ಪಲ. ನಾನು ಇದನ್ನು ಏರಿ ಅಂತಲೇ ಕರೆಯುತ್ತೇನೆ.

ಎರಡು ಕೆರೆ, ಒಂದು ಏರಿ, ಒಂದು ಕೋಡಿ. ಇಷ್ಟು ನೆನಪಿಟ್ಟುಕೊಳ್ಳಿ.

ಹಂತ 2: ತಿಂಗಳು ನೋಡಿ ಹೊತ್ತು ಗೊತ್ತುಮಾಡಿ

ಇಲ್ಲಿ 'ಬೆಳಗ್ಗೆ ಆರಕ್ಕೆ ಓಡುತ್ತೇನೆ' ಎನ್ನುವ ಮಾತಿಗೆ ಅರ್ಥವೇ ಇಲ್ಲ. ಜೂನ್‌ನಲ್ಲಿ ಆರು ಗಂಟೆಗೆ ಬಿಸಿಲು ಚುರುಗುಟ್ಟುತ್ತಿರುತ್ತದೆ. ಡಿಸೆಂಬರ್‌ನಲ್ಲಿ ಆರು ಗಂಟೆಗೆ ನಟ್ಟಿರುಳು. ಜೂನ್ ಕೊನೆಯಲ್ಲಿ ಸೂರ್ಯ ನಸುಕಿನ ನಾಲ್ಕರ ಹೊತ್ತಿಗೆ ಹುಟ್ಟಿ ರಾತ್ರಿ ಹನ್ನೊಂದರ ಮೇಲೆ ಮುಳುಗುತ್ತಾನೆ. ಮುಳುಗಿದ ಮೇಲೂ ಪೂರ್ತಿ ಕತ್ತಲಾಗುವುದಿಲ್ಲ. ಡಿಸೆಂಬರ್‌ನಲ್ಲಿ ಹೆಚ್ಚುಕಮ್ಮಿ ಒಂಬತ್ತೂ ಮುಕ್ಕಾಲಿಗೆ ಹುಟ್ಟಿ ಮೂರಕ್ಕೆ ಹೊರಟುಬಿಡುತ್ತಾನೆ.

ಪ್ರವಾಸಕ್ಕೆ ಬರುವವರಾದರೆ ನನ್ನ ಮಾತು ಕೇಳಿ, ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಬನ್ನಿ. ಸೊಳ್ಳೆ ಕಮ್ಮಿ, ಗಾಳಿ ತಂಪು, ನೆಲ ಗಟ್ಟಿ. ಸೆಪ್ಟೆಂಬರ್ ಕೊನೆಗೆ ಎಲೆಗಳು ಹಳದಿ, ಕೆಂಪಾಗುತ್ತವೆ. ಅದಕ್ಕೆ ಇವರು 'ರುಸ್ಕ' ಎನ್ನುತ್ತಾರೆ.

ಬರಬೇಡಿ ಅಂತ ಹೇಳುವ ಕಾಲವೂ ಒಂದಿದೆ. ಮಾರ್ಚ್ ಕೊನೆ, ಏಪ್ರಿಲ್. ಚಳಿಗಾಲವಿಡೀ ಜಾರದಿರಲೆಂದು ರಸ್ತೆಗೆ ಸುರಿದ ಜಲ್ಲಿ ಪುಡಿ ಹಿಮ ಕರಗಿದ ಮೇಲೆ ಹಾಗೇ ಉಳಿಯುತ್ತದೆ. ಗುಡಿಸಿ ತೊಳೆಯುವ ತನಕ ಊರೆಲ್ಲ ಧೂಳು. ಉಬ್ಬಸ ಇರುವವರು ಆ ವಾರಗಳಲ್ಲಿ ರಸ್ತೆ ಬಿಟ್ಟು ಕಾಡಿನ ದಾರಿ ಹಿಡಿಯುವುದು ಒಳ್ಳೆಯದು. ಕಾಡಿನಲ್ಲಿ ಆಗ ಕೆಸರು. ಧೂಳೋ ಕೆಸರೋ, ನೀವೇ ಆರಿಸಿಕೊಳ್ಳಿ.

ಹಂತ 3: ಕಾಲಿಗೆ, ಮೈಗೆ ಏನು

ಬೇಸಿಗೆಗೆ ವಿಶೇಷ ಏನೂ ಬೇಡ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಏನು ಹಾಕುತ್ತೀರೋ ಅದೇ ಸಾಕು. ಒಂದು ತೆಳು ಜಾಕೆಟ್ ಸೊಂಟಕ್ಕೆ ಕಟ್ಟಿಕೊಳ್ಳಿ.

ಚಳಿಗಾಲದ ಕತೆ ಬೇರೆ. ನಾವೆಲ್ಲ ಮಾಡುವ ಮೊದಲ ತಪ್ಪು ಅಂದರೆ ದಪ್ಪ ಹತ್ತಿ ಬಟ್ಟೆ. ಹತ್ತಿ ಬೆವರು ಕುಡಿದು ಒದ್ದೆಯಾಗುತ್ತದೆ, ಆಮೇಲೆ ಮೈಗೆ ಐಸ್ ಕಟ್ಟಿದ ಹಾಗೆ. ಒಳಗೆ ತೆಳು ಉಣ್ಣೆ ಅಥವಾ ಸಿಂಥೆಟಿಕ್ ಬನಿಯನ್, ಮೇಲೆ ಗಾಳಿ ತಡೆಯುವ ಜಾಕೆಟ್. ಮನೆಯಿಂದ ಹೊರಬಿದ್ದಾಗ ಸ್ವಲ್ಪ ಚಳಿ ಆಗುತ್ತಿರಬೇಕು. ಬೆಚ್ಚಗಿದ್ದರೆ ಜಾಸ್ತಿ ಹಾಕಿಕೊಂಡಿದ್ದೀರಿ ಅಂತ ಅರ್ಥ. ಕಿವಿ, ಬೆರಳು ಮುಚ್ಚಲೇಬೇಕು. ಮೈನಸ್ 10 ಡಿಗ್ರಿ ದಾಟಿದ ಮೇಲೆ ಬಾಯಿ ಮೂಗಿಗೆ ಒಂದು ಬಟ್ಟೆ ಸುತ್ತಿಕೊಳ್ಳಿ. ಮೈನಸ್ 15ರ ಕೆಳಗೆ ನಾನು ಜೋರಾಗಿ ಓಡುವುದಿಲ್ಲ, ಎದೆ ಉರಿಯುತ್ತದೆ. ನಡೆದುಕೊಂಡು ಹೋಗಿ ಬರುತ್ತೇನೆ.

ನಿಜವಾದ ಶತ್ರು ಚಳಿಯಲ್ಲ, ಸೊನ್ನೆ ಡಿಗ್ರಿ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ದಾರಿ ಗಾಜಿನ ಹಾಗಿರುತ್ತದೆ. ಅದರ ಮೇಲೆ ತೆಳ್ಳಗೆ ಹೊಸ ಹಿಮ ಬಿದ್ದರೆ ಮುಗೀತು, ಕಣ್ಣಿಗೆ ಕಾಣುವುದೂ ಇಲ್ಲ. ಅಡಿಗೆ ಸಣ್ಣ ಲೋಹದ ಮೊಳೆಗಳಿರುವ ಓಟದ ಶೂ ಇಲ್ಲಿ ಸಿಗುತ್ತದೆ. ಅಂಗಡಿಯಲ್ಲಿ 'ನಸ್ತ' ಎಂದು ಕೇಳಿದರೆ ತೋರಿಸುತ್ತಾರೆ. ಒಂದು ಚಳಿಗಾಲ ಇರುವವರಾದರೆ ತೆಗೆದುಕೊಳ್ಳಿ. ನಾಲ್ಕು ದಿನಕ್ಕೆ ಬಂದವರಿಗೆ ಶೂ ಮೇಲೆ ಎಳೆದು ಹಾಕುವ ರಬ್ಬರಿನ ಮೊಳೆ ಪಟ್ಟಿ ಸಾಕು. ಬೆಲೆ ನೋಡಿ ನಾನು ಮೊದಲ ವರ್ಷ ಜಿಪುಣತನ ಮಾಡಿದೆ. ಜನವರಿಯಲ್ಲಿ ಕೆರೆ ದಂಡೆಯಲ್ಲಿ ಅಂಗಾತ ಬಿದ್ದು ಎರಡು ವಾರ ಕೂರಲಾಗಲಿಲ್ಲ.

ಇನ್ನೊಂದು ರಿಫ್ಲೆಕ್ಟರ್. ಬೆಳಕು ಬಿದ್ದರೆ ಹೊಳೆಯುವ ಸಣ್ಣ ಬಿಲ್ಲೆ. ಕತ್ತಲಲ್ಲಿ ರಸ್ತೆಯಲ್ಲಿ ನಡೆಯುವವರು ಇದನ್ನು ಹಾಕಿಕೊಳ್ಳಬೇಕು ಎಂದು ಕಾನೂನೇ ಹೇಳುತ್ತದೆ. ಅಜ್ಜಿಯರ ಕೋಟಿನಿಂದ ಹಿಡಿದು ನಾಯಿಯ ಕೊರಳಿನ ತನಕ ಎಲ್ಲೆಲ್ಲೂ ನೇತಾಡುತ್ತಿರುತ್ತದೆ. ಇವರು 'ಹೇಯಸ್ತಿನ್' ಎನ್ನುತ್ತಾರೆ.

ಹಂತ 4: ಮೊದಲ ದಿನ ಸಣ್ಣ ಸುತ್ತು, ಹೊಳೆಯ ಎರಡೂ ದಂಡೆ

ಹೆಲ್ಸಿಂಕಿಯಿಂದ ರೈಲಿನಲ್ಲಿ ಬಂದರೆ ಒಂದೂವರೆಯಿಂದ ಎರಡು ಗಂಟೆ. ನಿಲ್ದಾಣದಿಂದ ಹೊರಗೆ ಬಂದು ನೇರ ಮುಂದಿನ ದೊಡ್ಡ ರಸ್ತೆ ಹಿಡಿದರೆ ಏಳೆಂಟು ನಿಮಿಷದ ನಡಿಗೆಯಲ್ಲಿ ಹ್ಯಾಮೀನ್‌ಸಿಲ್ತ ಸೇತುವೆ ಸಿಗುತ್ತದೆ. 1929ರದ್ದು. ಮೇಲೆ ದೊಡ್ಡ ಕಂಚಿನ ಪ್ರತಿಮೆಗಳಿವೆ, ವೈನೊ ಆಲ್ತೊನೆನ್ ಮಾಡಿದ್ದು. ನಮ್ಮ ಎಲ್ಲ ಓಟಗಳಿಗೂ ಇದೇ ಸೊನ್ನೆ ಕಲ್ಲು.

ಸೇತುವೆಯ ಪೂರ್ವ ತುದಿಯಲ್ಲಿ ಇಳಿದು ಉತ್ತರಕ್ಕೆ, ಅಂದರೆ ನೀರು ಬರುವ ಕಡೆಗೆ ಹೊರಡಿ. ಪಾರ್ಕಿನ ಒಳಗಿನ ದಾರಿ. ಆಚೆ ದಂಡೆಯಲ್ಲಿ ಕೆಂಪು ಇಟ್ಟಿಗೆಯ ಹಳೆಯ ಕಾರ್ಖಾನೆಗಳು ನೀರಿನ ಅಂಚಿಗೇ ನಿಂತಿವೆ. ಸ್ವಲ್ಪ ಮುಂದೆ ಅಣೆಕಟ್ಟಿನ ಮೇಲೆ ನಡೆಯುವವರಿಗೂ ಸೈಕಲ್ಲಿಗೂ ಇರುವ ಪತೊಸಿಲ್ತ ಸೇತುವೆ. ಅದರ ಮೇಲೆ ಒಂದು ನಿಮಿಷ ನಿಲ್ಲಿ. ಗಡಿಯಾರ ನಿಂತರೆ ನಿಲ್ಲಲಿ ಬಿಡಿ. ಕಾಲ ಕೆಳಗೆ ನೀರು ಬೀಳುವ ಸದ್ದು, ಒಂದು ಕಡೆ ತಂಪೆಲ್ಲ ಕಾರ್ಖಾನೆಯ ಕಟ್ಟಡಗಳಲ್ಲಿರುವ ವಪ್ರೀಕ್ಕಿ ಮ್ಯೂಸಿಯಂ, ಇನ್ನೊಂದು ಕಡೆ ಫಿನ್ಲೇಸನ್ ಗಿರಣಿ. ಉತ್ತರ ಯೂರೋಪಿನ ಈ ಭಾಗದಲ್ಲಿ ಮೊದಲ ಸಲ ವಿದ್ಯುತ್ ದೀಪ ಉರಿದದ್ದು ಇದೇ ಗಿರಣಿಯ ನೇಯ್ಗೆ ಸಾಲೆಯಲ್ಲಿ, 1882ರಲ್ಲಿ.

ಸೇತುವೆ ದಾಟಿ ಗಿರಣಿಯ ಒಳಬೀದಿಗಳಲ್ಲಿ ಹಾದು ವಾಪಸ್ ಹ್ಯಾಮೀನ್‌ಸಿಲ್ತಕ್ಕೆ ಬನ್ನಿ. ಒಂದೂವರೆ ಕಿಲೋಮೀಟರ್ ಆಸುಪಾಸು. ಪ್ರಯಾಣದ ಜಡ ಬಿಡಿಸಲು ಮೂರು ಸುತ್ತು ಹಾಕಿದರೆ ಸಾಕು. ಕಲ್ಲು ಹಾಸಿನ ಜಾಗಗಳಿವೆ, ಹಿಮ್ಮಡಿ ನೋವಿದ್ದವರು ನಿಧಾನ. ಕಡು ಚಳಿಯಲ್ಲಿ ಈ ಸುತ್ತು ಇನ್ನೂ ಚಂದ. ಕೆರೆಗಳು ಹೆಪ್ಪುಗಟ್ಟಿ ಬೆಳ್ಳಗೆ ಮಲಗಿದ್ದರೂ ಹೊಳೆ ಮಾತ್ರ ಹರಿಯುತ್ತಲೇ ಇರುತ್ತದೆ, ಮೇಲೆ ಅನ್ನದ ಪಾತ್ರೆಯಿಂದ ಏಳುವ ಹಬೆಯ ಹಾಗೆ ಆವಿ ಏಳುತ್ತಿರುತ್ತದೆ.

ಹಂತ 5: ದೊಡ್ಡ ಸುತ್ತು, ಏರಿಗೆ ಪ್ರದಕ್ಷಿಣೆ

ಇದಕ್ಕಾಗಿಯೇ ನಾನು ಇಷ್ಟೆಲ್ಲ ಬರೆದದ್ದು. ಹತ್ತು ಕಿಲೋಮೀಟರ್ ಸುಮಾರು. ನೀವು ಹಿಡಿಯುವ ಅಡ್ಡದಾರಿಗಳ ಮೇಲೆ ಸ್ವಲ್ಪ ಹೆಚ್ಚು ಕಮ್ಮಿ ಆಗುತ್ತದೆ. ನಿಯಮ ಒಂದೇ: ಎಡಗೈಗೆ ನೀರು, ಬಲಗೈಗೆ ಏರಿ. ಗುಡಿಯಲ್ಲಿ ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವ ಹಾಗೆ.

ಹ್ಯಾಮೀನ್‌ಸಿಲ್ತದ ಪಶ್ಚಿಮ ತುದಿಯಿಂದ ದಕ್ಷಿಣಕ್ಕೆ, ನೀರು ಹೋಗುವ ಕಡೆಗೆ ಹೊರಡಿ. ಹೊಳೆ ಎಡಕ್ಕೆ. ಕೆಲವೇ ನಿಮಿಷದಲ್ಲಿ ಲೌಕೊಂತೊರಿ ಎಂಬ ಸಂತೆ ಮಾಳ ಮತ್ತು ದೋಣಿ ಕಟ್ಟೆ. ಇಲ್ಲಿ ಹೊಳೆ ಅಗಲವಾಗಿ, ಸದ್ದಡಗಿ, ಪ್ಯುಹಾಯಾರ್ವಿಗೆ ಸೇರುತ್ತದೆ. ದಂಡೆ ಬಲಕ್ಕೆ ತಿರುಗುತ್ತದೆ, ನೀವೂ ತಿರುಗಿ. ಎತೆಲಪುಯಿಸ್ತೊ ಪಾರ್ಕ್ ದಾಟುತ್ತಿದ್ದಂತೆ ಊರಿನ ಸದ್ದು ಹಿಂದೆ ಬೀಳುತ್ತದೆ.

ಮುಂದಿನ ಎರಡು ಕಿಲೋಮೀಟರ್ ಇಡೀ ಓಟದ ಜೀವ. ಎಡಕ್ಕೆ ತೆರೆದ ಕೆರೆ, ಬಲಕ್ಕೆ ಪೈನ್ ಮರಗಳು ಮೆತ್ತಿಕೊಂಡ ಕಡಿದಾದ ಏರಿ. ಏರಿ ಉತ್ತರದ ಗಾಳಿಯನ್ನು ತಡೆಯುತ್ತದೆ, ದಂಡೆ ದಕ್ಷಿಣಕ್ಕೆ ಮುಖ ಮಾಡಿದೆ. ಹಾಗಾಗಿ ಬಿಸಿಲು ಇರುವ ದಿನ ಮಾರ್ಚ್‌ನಲ್ಲೂ ಇಲ್ಲಿ ಬೆಚ್ಚಗನಿಸುತ್ತದೆ. ದಾರಿಯಲ್ಲಿ ಒಂದು ಬಯಲು ರಂಗಮಂದಿರ ಸಿಗುತ್ತದೆ. 1959ರಿಂದ ಅಲ್ಲಿ ಪ್ರೇಕ್ಷಕರು ಕೂತ ಕಟ್ಟೆಯೇ ತಿರುಗುತ್ತದೆ. ನಟರು ಕಾಡಿನ ಒಂದೊಂದು ಮೂಲೆಯಲ್ಲಿ ನಿಂತು ಆಡುತ್ತಾರೆ, ಜನ ಕೂತಲ್ಲೇ ಆ ಕಡೆಗೆ ತಿರುಗುತ್ತಾರೆ. ಆಮೇಲೆ ಪ್ಯೂನಿಕ್ಕಿಯ ಈಜು ದಂಡೆ, ಆಮೇಲೆ ರೋಸೆಂದಾಲ್. ಬೇಸಿಗೆಯಲ್ಲಿ ಹೆಬ್ಬಾತುಗಳು ಹುಲ್ಲಿನ ಮೇಲೆ ಹಿಂಡು ಹಿಂಡಾಗಿ ಮೇಯುತ್ತವೆ. ಮರಿ ಜೊತೆ ಇದ್ದರೆ ದೂರದಿಂದ ಸುತ್ತಿಕೊಂಡು ಹೋಗಿ, ಕತ್ತು ಚಾಚಿ ಬುಸ್ ಅನ್ನುತ್ತವೆ. ಹಿಕ್ಕೆ ಮೇಲೆ ಕಾಲಿಟ್ಟರೆ ಐಸಿಗಿಂತ ಚೆನ್ನಾಗಿ ಜಾರುತ್ತದೆ.

ಈ ಜಾಗದಲ್ಲಿ ಒಂದು ಆಯ್ಕೆ ಇದೆ. ತೊಡೆಯಲ್ಲಿ ಬಲ ಇದ್ದರೆ ದಂಡೆ ಬಿಟ್ಟು ಏರಿ ಹತ್ತಿ. ಮೇಲೆ ಪ್ಯೂನಿಕ್ಕಿಯ ವೀಕ್ಷಣಾ ಗೋಪುರ, 1929ರಲ್ಲಿ ಕಟ್ಟಿದ್ದು, 26 ಮೀಟರ್. ಮೇಲಿನಿಂದ ಎರಡೂ ಕೆರೆ ಕಾಣುತ್ತವೆ. ಹಂತ 1ರಲ್ಲಿ ಹೇಳಿದ್ದೆಲ್ಲ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಕೆಳಗಿನ ಕಾಫಿ ಅಂಗಡಿಯ 'ಮುಂಕ್ಕಿ' ಇಡೀ ದೇಶಕ್ಕೆ ಗೊತ್ತು. ಎಣ್ಣೆಯಲ್ಲಿ ಕರಿದು ಸಕ್ಕರೆಯಲ್ಲಿ ಹೊರಳಿಸಿದ ಉಂಗುರ. ಫಿನ್ಲೆಂಡಿನವರು ಮುಂಕ್ಕಿ ಹಿಟ್ಟಿಗೆ ಏಲಕ್ಕಿ ಹಾಕುವುದು ರೂಢಿ. ಉತ್ತರ ಧ್ರುವದ ಹತ್ತಿರ ಬಂದು ಮಲೆನಾಡಿನ ವಾಸನೆ ಬಂದರೆ ಹೇಗಿರುತ್ತೆ ಹೇಳಿ! ಓಟದ ನಡುವೆ ತಿಂದರೆ ಹೊಟ್ಟೆ ಭಾರ. ನಾನಂತೂ ಪ್ರತಿಸಲ ತಿಂದಿದ್ದೇನೆ.

ಏರಿಯ ಮೈಮೇಲೆ ಮರದ ಚೂರು ಹಾಸಿದ ಓಟದ ದಾರಿಯೂ ಇದೆ. 'ಪುರುರತ' ಎನ್ನುತ್ತಾರೆ, 'ಪುರು' ಎಂದರೆ ಮರದ ಹೊಟ್ಟು. ಮೊಣಕಾಲಿಗೆ ಹಬ್ಬ. ಆದರೆ ಏರು ಇಳಿತ ಬಹಳ. ಸಮನಾದ ಓಟ ಬೇಕಿದ್ದವರಿಗೆ ದಂಡೆಯೇ ಸರಿ.

ದಂಡೆಯಲ್ಲೇ ಪಶ್ಚಿಮಕ್ಕೆ ಮುಂದುವರಿದರೆ ವರಲ ಕ್ರೀಡಾ ಶಾಲೆ. 1909ರಲ್ಲಿ ಶುರುವಾದದ್ದು, ದೇಶದಲ್ಲೇ ಹಳೆಯದು. ನಂತರ ತಹ್ಮೆಲ. ಇಲ್ಲಿ ದಂಡೆಗೆ ವಿದಾಯ ಹೇಳಿ ಬಲಕ್ಕೆ, ಅಂದರೆ ಉತ್ತರಕ್ಕೆ ಹತ್ತಬೇಕು. ಎದುರಿಗೆ ಪಿಸ್ಪಲ.

ಪಿಸ್ಪಲ ಹತ್ತುವುದು ಓಟವಲ್ಲ, ಹರಕೆ. ಕಡಿದಾದ ಓಣಿಗಳು, ಮರದ ಮೆಟ್ಟಿಲುಗಳು, ಒಂದರ ತಲೆ ಮೇಲೆ ಒಂದು ಕೂತ ಹಾಗಿರುವ ಬಣ್ಣದ ಮರದ ಮನೆಗಳು. ಹೀಗಾಗಲು ಕಾರಣ ಇದೆ. 1937ರವರೆಗೆ ಇದು ನಗರದ ಗಡಿಯ ಹೊರಗಿತ್ತು. ಕಾರ್ಖಾನೆ ಕೂಲಿಗಳು ನಗರದ ಕಟ್ಟುಪಾಡಿಲ್ಲದೆ ಸಿಕ್ಕ ಜಾಗದಲ್ಲಿ ಮನೆ ಕಟ್ಟಿಕೊಂಡರು. ಈಗ ಅದೇ ಮನೆಗಳಿಗೆ ಕೆರೆ ನೋಟದ ಬೆಲೆ ಬಂದಿದೆ. ಯಾವ ಓಣಿ ಹಿಡಿಯಬೇಕು ಅಂತ ತಲೆಕೆಡಿಸಿಕೊಳ್ಳಬೇಡಿ. ಮೇಲಕ್ಕೆ ಹೋಗುವ ಯಾವುದಾದರೂ ಸರಿ. ಆದರೆ ಯಾರದೋ ಅಂಗಳಕ್ಕೆ ನುಗ್ಗಬೇಡಿ, ಓಣಿಗೂ ಅಂಗಳಕ್ಕೂ ಇಲ್ಲಿ ವ್ಯತ್ಯಾಸ ಕಮ್ಮಿ. ಚಳಿಗಾಲದಲ್ಲಿ ಮೆಟ್ಟಿಲಿನ ಬುಡದಲ್ಲಿ 'ಏಯ್ ತಲ್ವಿಕುನ್ನೊಸ್ಸಪಿತೊಆ' ಎಂಬ ಫಲಕ ಕಂಡರೆ, ಚಳಿಗಾಲದಲ್ಲಿ ಹಿಮ ತೆಗೆಯುವುದಿಲ್ಲ ಎಂದರ್ಥ. ಆ ಮೆಟ್ಟಿಲು ಬಿಡಿ, ರಸ್ತೆಯಲ್ಲೇ ಸುತ್ತಿ ಹತ್ತಿ.

ನೆತ್ತಿಯ ಮೇಲೆ ನಿಂತರೆ ಹಿಂದೆ ಪ್ಯುಹಾಯಾರ್ವಿ, ಮುಂದೆ ನ್ಯಾಸಿಯಾರ್ವಿ. ಇಡೀ ಸುತ್ತಿನಲ್ಲಿ ನೀರು ಎರಡೂ ಕೈಗೆ ಸಿಗುವುದು ಇಲ್ಲೊಂದೇ ಕಡೆ. ಅಲ್ಲಿಂದ ಉತ್ತರಕ್ಕೆ ಇಳಿಯಿರಿ. ಮುಖ್ಯ ರಸ್ತೆಯ ಪಕ್ಕ ರಾಯಪೋರ್ತ್ತಿ ಸೌನಾ, ಅಂದರೆ ಬಿಸಿ ಹಬೆಯಲ್ಲಿ ಕೂತು ಬೆವರುವ ಸ್ನಾನದ ಮನೆ ಇದೆ. 1906ರದ್ದು, ಈಗಲೂ ನಡೆಯುತ್ತಿರುವ ಸಾರ್ವಜನಿಕ ಸೌನಾಗಳಲ್ಲಿ ಫಿನ್ಲೆಂಡಿಗೇ ಹಳೆಯದು. ತೆರೆದಿರುವ ದಿನ ನೋಡಿಟ್ಟುಕೊಂಡು ಇನ್ನೊಮ್ಮೆ ಬನ್ನಿ.

ರಸ್ತೆ, ರೈಲು ಹಳಿ ದಾಟಿ ಸಂತಲಹ್ತಿಯಲ್ಲಿ ಮೇಲಿನ ಕೆರೆಯ ದಂಡೆ ಸೇರಿ. ಬಲಕ್ಕೆ ತಿರುಗಿ ಪೂರ್ವಕ್ಕೆ ಓಡಿ. ಮತ್ತೆ ನೀರು ಎಡಗೈಗೆ ಬಂತು, ಅಲ್ವಾ? ಕಾಲು ಸೋತಿದ್ದರೆ ಇಲ್ಲಿಂದ ಟ್ರಾಮ್ ಹತ್ತಿ ಪೇಟೆಗೆ ಹೋಗಬಹುದು. ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಟಿಕೆಟ್ ಆಯಿತು. ಅದಕ್ಕೇ ಜೇಬಿನಲ್ಲಿ ಒಂದು ಕಾರ್ಡ್ ಇರಲಿ.

ನಿಜ ಹೇಳಬೇಕೆಂದರೆ ಈ ಉತ್ತರದ ದಂಡೆಯ ಮೊದಲ ಭಾಗ ಅಷ್ಟೇನೂ ಚಂದವಿಲ್ಲ. ರೈಲು ಹಳಿ, ಹೊಸ ಅಪಾರ್ಟ್‌ಮೆಂಟುಗಳು, ದೊಡ್ಡ ರಸ್ತೆ. 2016ರಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸುರಂಗ ತೆರೆದ ಮೇಲೆ ಹೆದ್ದಾರಿಯ ವಾಹನಗಳು ನೆಲದಡಿಗೆ ಹೋದವು, ಕೆರೆ ದಂಡೆಗೆ ಉಸಿರು ಬಂತು. ನ್ಯಾಸಿಯಾರ್ವಿ ಪ್ಯುಹಾಯಾರ್ವಿಯ ಹಾಗೆ ಸೌಮ್ಯ ಅಲ್ಲ. ದೊಡ್ಡ ನೀರು, ಎದುರು ದಂಡೆ ದೂರ, ಗಾಳಿ ನೇರ ಮುಖಕ್ಕೆ. ಉತ್ತರದ ಗಾಳಿ ಜೋರಾಗಿರುವ ದಿನ ಇಡೀ ಸುತ್ತನ್ನು ತಿರುಗುಮುರುಗು ಮಾಡಿ. ಬೆವರುವ ಮೊದಲೇ ಗಾಳಿ ದಂಡೆ ಮುಗಿಸಿ, ಬೆವತ ಮೇಲೆ ಬೆಚ್ಚನೆ ದಂಡೆಯಲ್ಲಿ ವಾಪಸ್ ಬನ್ನಿ. ಆಗ ನೀರು ಬಲಗೈಗೆ. ಅಪ್ರದಕ್ಷಿಣೆ ಅಂತ ಯಾರೂ ಬೈಯುವುದಿಲ್ಲ.

ಮುಂದೆ ಸಾರ್ಕನ್ನಿಯೆಮಿ ಮನರಂಜನಾ ಪಾರ್ಕ್. ಅದರ ನ್ಯಾಸಿನ್ನೆಯುಲ ಗೋಪುರ 168 ಮೀಟರ್, ಊರಿನ ಎಲ್ಲೆಡೆಯಿಂದಲೂ ಕಾಣುತ್ತದೆ. ಮಂಜು ಇಲ್ಲದ ದಿನ ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಆಮೇಲೆ ಮುಸ್ತಲಹ್ತಿ ದೋಣಿ ಕಟ್ಟೆ, ಬಲಕ್ಕೆ ಗುಡ್ಡದ ಮೇಲೆ ನ್ಯಾಸಿ ಪಾರ್ಕ್. ಅದರ ಬುಡದಲ್ಲಿ ಹಾದು ಫಿನ್ಲೇಸನ್ ಗಿರಣಿ, ಅಲ್ಲಿಂದ ಹೊಳೆ ಎಡಕ್ಕಿಟ್ಟುಕೊಂಡು ಹ್ಯಾಮೀನ್‌ಸಿಲ್ತ. ಸುತ್ತು ಮುಗಿಯಿತು.

ಹಂತ 6: ಕಾಡು ಬೇಕಿದ್ದರೆ ಕೌಪ್ಪಿ

ಎರಡನೇ ವಾರಕ್ಕೆ ಇದು. ಹ್ಯಾಮೀನ್‌ಸಿಲ್ತದ ಪೂರ್ವ ದಂಡೆಯಿಂದ ಉತ್ತರಕ್ಕೆ ಹೋಗಿ, ತಂಪೆಲ್ಲ ದಾಟಿ, ಮೇಲಿನ ಕೆರೆಯ ಪೂರ್ವ ದಂಡೆ ಹಿಡಿಯಿರಿ. ಇಲ್ಲೂ ನೀರು ಎಡಗೈಗೇ. ಮೂರು ಮೂರೂವರೆ ಕಿಲೋಮೀಟರಿಗೆ ರೌಹನಿಯೆಮಿ ಎಂಬ ಈಜು ದಂಡೆ. ಅಲ್ಲಿಂದ ಮುಂದೆ ದಂಡೆಯ ಹಿಂದೆಲ್ಲ ಕೌಪ್ಪಿ ಕಾಡು. ನಗರದ ಒಳಗಿನ ಕಾಡು, ಆದರೆ ಹತ್ತು ನಿಮಿಷ ಓಡಿದರೆ ನಗರ ಇತ್ತು ಅನ್ನುವುದೇ ಮರೆತುಹೋಗುತ್ತದೆ. ದೀಪ ಹಾಕಿದ ದಾರಿಗಳಿವೆ, ಚಳಿಗಾಲದ ಸಂಜೆಗೆ ಇದು ಬಹಳ ದೊಡ್ಡ ಸೌಕರ್ಯ. ಪೇಟೆಯಿಂದ ಓಡಿಕೊಂಡು ಹೋಗಲು ಬೇಜಾರಾದರೆ ಆಸ್ಪತ್ರೆಯ ಕಡೆ ಹೋಗುವ ಟ್ರಾಮ್ ಹಿಡಿದು ಕೌಪ್ಪಿ ಕ್ಯಾಂಪಸ್‌ನಲ್ಲಿ ಇಳಿಯಿರಿ.

ಒಂದು ಎಚ್ಚರಿಕೆ, ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಹಿಮ ಬಿದ್ದ ಮೇಲೆ ಬೇಸಿಗೆಯ ಎಷ್ಟೋ ಓಟದ ದಾರಿಗಳು ಸ್ಕೀ ದಾರಿಗಳಾಗುತ್ತವೆ. ಯಂತ್ರದಿಂದ ಎರಡು ಗೀರು ಎಳೆದಿರುತ್ತಾರೆ. ಅದಕ್ಕೆ 'ಲತು' ಎನ್ನುತ್ತಾರೆ. ಅದರ ಮೇಲೆ ಕಾಲಿಟ್ಟು ಓಡಿದರೆ ರಂಗೋಲಿ ತುಳಿದ ಹಾಗೆ. ಸಾಮಾನ್ಯವಾಗಿ ಮಾತೇ ಆಡದ ಜನ ಕೂಡ ಅವತ್ತು ನಿಲ್ಲಿಸಿ ಬುದ್ಧಿ ಹೇಳುತ್ತಾರೆ. ನಡೆಯುವವರಿಗೆ ಬೇರೆ ದಾರಿ ಇರುತ್ತದೆ, ಅದನ್ನು ಹುಡುಕಿಕೊಳ್ಳಿ.

ಜುಲೈ ಕೊನೆ, ಆಗಸ್ಟ್‌ನಲ್ಲಿ ಬಂದರೆ ಕಾಡಿನ ನೆಲದಲ್ಲಿ ನೀಲಿ ಹಣ್ಣು, ಸೆಪ್ಟೆಂಬರ್‌ನಲ್ಲಿ ಕೆಂಪು ಲಿಂಗನ್ ಹಣ್ಣು. ಯಾರ ಕಾಡಾದರೂ ಸರಿ, ಕಿತ್ತು ತಿನ್ನುವ ಹಕ್ಕು ಎಲ್ಲರಿಗೂ ಇದೆ. ಗುರುತು ಗ್ಯಾರಂಟಿ ಇದ್ದರೆ ಮಾತ್ರ ಬಾಯಿಗೆ ಹಾಕಿ.

ಹಂತ 7: ಸುಲಭದ ದಿನಕ್ಕೆ ಹತನ್‌ಪಾ

ಹೊಳೆ ಕೆರೆ ಸೇರುವ ಜಾಗದ ಪೂರ್ವ ದಂಡೆ, ರತಿನದಿಂದ ದಕ್ಷಿಣಕ್ಕೆ ಎರಡು ಕಿಲೋಮೀಟರ್ ಚಿಲ್ಲರೆ. ನೀರು ಬಲಗೈಗೆ. ತುದಿಯಲ್ಲಿ ಹಳೆಯ ಜಹಗೀರಿನ ಮನೆ, ಮರಗಳ ತೋಟ, ಗುಲಾಬಿ ತೋಟ. ಗುಲಾಬಿಯಲ್ಲಿ ನೂರಾರು ತಳಿಗಳಿವೆ, ಜುಲೈಯಲ್ಲಿ ಒಳ್ಳೆ ಹೂವು. ಪೂರ್ತಿ ಸಮತಟ್ಟು. ಅಪ್ಪ ಅಮ್ಮ ಊರಿಂದ ಬಂದಿದ್ದರೆ ಅವರನ್ನು ತೋಟದ ಬೆಂಚಿನ ಮೇಲೆ ಕೂರಿಸಿ ನೀವು ಎರಡು ಸಲ ಹೋಗಿ ಬರಬಹುದು.

ಹಂತ 8: ದಾರಿಯ ರೀತಿ ರಿವಾಜು, ಅಪಾಯ

ದಂಡೆಯ ದಾರಿಗಳಲ್ಲಿ ನೀಲಿ ದುಂಡು ಫಲಕ ಇರುತ್ತದೆ. ಮನುಷ್ಯ, ಸೈಕಲ್ ಎರಡರ ಚಿತ್ರ. ನಡುವೆ ಉದ್ದ ಗೆರೆ ಇದ್ದರೆ ಇಬ್ಬರಿಗೂ ಬೇರೆ ಬೇರೆ ಪಾಲು, ನಿಮ್ಮ ಪಾಲಿನಲ್ಲೇ ಓಡಿ. ಅಡ್ಡ ಗೆರೆ ಇದ್ದರೆ ದಾರಿ ಇಬ್ಬರದ್ದೂ, ಅಂಚಿನಲ್ಲಿ ಓಡಿ. ಸೈಕಲ್‌ನವರು ಜೋರಾಗಿ ಬರುತ್ತಾರೆ. ಎರಡೂ ಕಿವಿಗೆ ಇಯರ್‌ಫೋನ್ ಬೇಡ. ನಾಲ್ಕು ಜನ ಸಾಲಾಗಿ ಹರಟುತ್ತಾ ಓಡುವ ನಮ್ಮ ಲಾಲ್‌ಬಾಗ್ ಪದ್ಧತಿಯೂ ಬೇಡ. ಎದುರಿಗೆ ಬಂದವರು ನಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ತಲೆ ಸ್ವಲ್ಪ ಆಡಿಸಿದರೆ ಅದೇ ದೊಡ್ಡ ನಮಸ್ಕಾರ.

ಹೆಪ್ಪುಗಟ್ಟಿದ ಕೆರೆಯ ಮೇಲೆ ಜನ ನಡೆಯುವುದು, ಸ್ಕೀ ಮಾಡುವುದು ಕಾಣುತ್ತದೆ. ಆಸೆ ಆಗುತ್ತದೆ. ಗಟ್ಟಿ ಐಸ್ ಐದು ಸೆಂಟಿಮೀಟರ್ ಇದ್ದರೆ ಒಬ್ಬನ ಭಾರ ತಡೆಯುತ್ತದೆ ಎಂಬ ಲೆಕ್ಕ ಇದೆ. ಆದರೆ ಹೊಳೆ ಸೇರುವ ಜಾಗ, ಸೇತುವೆ ಅಡಿ, ಜೊಂಡು ಬೆಳೆದ ಕಡೆ ಐಸ್ ತೆಳು. ವಸಂತದಲ್ಲಂತೂ ದಪ್ಪ ಐಸ್ ಕೂಡ ಪೊಳ್ಳು. 'ಹೇಯ್ಕೊ ಯಾ' ಎಂದು ಬರೆದಿದ್ದರೆ ಐಸ್ ಗಟ್ಟಿ ಇಲ್ಲ ಎಂದರ್ಥ. ನಾವು ಐಸ್ ನೋಡಿ ಬೆಳೆದವರಲ್ಲ. ದಂಡೆಯಲ್ಲೇ ಇರೋಣ.

ಬೇಸಿಗೆಯಲ್ಲಿ ಎತ್ತರದ ಹುಲ್ಲಿನಲ್ಲಿ ಉಣ್ಣೆ ಹುಳ ಇರುತ್ತವೆ. ಇಲ್ಲಿಯವು ರೋಗ ತರಬಹುದು. ಮನೆಗೆ ಬಂದು ಮೊಣಕಾಲಿನ ಹಿಂದೆ, ತೊಡೆ ಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟಿಯಿಂದ ಚರ್ಮಕ್ಕೆ ಒತ್ತಿ ಹಿಡಿದು ಎಳೆಯಿರಿ. ಆ ಜಾಗ ಕೆಂಪಾಗಿ ಹರಡಿದರೆ ಡಾಕ್ಟರಿಗೆ ತೋರಿಸಿ.

ತುರ್ತಿಗೆ 112. '112 ಸುಓಮಿ' ಎಂಬ ಆ್ಯಪ್‌ನಿಂದ ಕರೆ ಮಾಡಿದರೆ ನೀವಿರುವ ಜಾಗ ಅವರಿಗೆ ತಾನಾಗಿ ಹೋಗುತ್ತದೆ. ಆ ಉದ್ದನೆಯ ಬೀದಿ ಹೆಸರುಗಳನ್ನು ಫೋನಿನಲ್ಲಿ ಹೇಳುವ ಕಷ್ಟ ತಪ್ಪಿತು. ಚಳಿಗಾಲದಲ್ಲಿ ಫೋನನ್ನು ಹೊರ ಜೇಬಿನಲ್ಲಿಡದೆ ಮೈಗೆ ತಾಗುವ ಹಾಗೆ ಒಳಗಿಡಿ.

ಹಂತ 9: ಓಟ ಮುಗಿದ ಮೇಲೆ

ನಲ್ಲಿ ನೀರು ಕುಡಿಯಲು ಚೆನ್ನಾಗಿದೆ, ಬಾಟಲಿಗೆ ದುಡ್ಡು ಹಾಕಬೇಡಿ.

ಚಳಿಯಲ್ಲಿ ನಿಂತು ಸ್ಟ್ರೆಚ್ ಮಾಡುವುದು ಬೇಡ. ಐದು ನಿಮಿಷದಲ್ಲಿ ಬೆವರು ಕೊರೆಯತೊಡಗುತ್ತದೆ. ಒಳಗೆ ಹೋಗಿ, ಬಟ್ಟೆ ಬದಲಿಸಿ, ಆಮೇಲೆ. ಇಲ್ಲವೇ ರೌಹನಿಯೆಮಿಯಲ್ಲಿ ಓಟ ಮುಗಿಸಿ ಅಲ್ಲೇ ಸೌನಾಕ್ಕೆ ಹೋಗಿ. ತಾಂಪೆರೆ 2018ರಲ್ಲಿ ತನ್ನನ್ನು ತಾನೇ ಜಗತ್ತಿನ ಸೌನಾ ರಾಜಧಾನಿ ಎಂದು ಘೋಷಿಸಿಕೊಂಡ ಊರು. ಒಳಗೆ ಕೂತು ಬೆಂದು, ಹೊರಗೆ ಬಂದು ಕೆರೆಗೆ ಇಳಿಯುವುದು ಪದ್ಧತಿ. ಚಳಿಗಾಲದಲ್ಲಿ ಐಸ್ ಕೊರೆದು ಮಾಡಿದ ಕಂಡಿಯಲ್ಲಿ ಮುಳುಗುತ್ತಾರೆ. ಓಟದ ಕೂಡಲೇ, ಎದೆ ಇನ್ನೂ ಹೊಡೆದುಕೊಳ್ಳುತ್ತಿರುವಾಗ ಹೋಗಬೇಡಿ. ನೀರು ಕುಡಿದು ಕಾಲು ಗಂಟೆ ಕೂತು ಹೋಗಿ. ಹೃದಯದ ತೊಂದರೆ ಇರುವವರು ತಣ್ಣೀರಿನ ಸಾಹಸ ಮಾಡಲೇಬೇಡಿ. ಬೇಸಿಗೆಯ ಕೊನೆಗೆ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಂಡರೆ ಅವತ್ತು ಈಜೂ ಬೇಡ.

ಲೌಕೊಂತೊರಿಯಲ್ಲಿ ಓಟ ಮುಗಿಸಿದರೆ ಮೂಗಿಗೆ ಹುರಿದ ವಾಸನೆ ಬರುತ್ತದೆ. ಅದು 'ಮುಸ್ತಮಕ್ಕರ', ಊರಿನ ಹೆಮ್ಮೆಯ ಕಪ್ಪು ಸಾಸೇಜ್. ಲಿಂಗನ್ ಹಣ್ಣಿನ ಜಾಮ್ ಜೊತೆ ಕೊಡುತ್ತಾರೆ. ಒಳಗೆ ರಕ್ತ ಹಾಕಿ ಮಾಡುತ್ತಾರೆ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಸಸ್ಯಾಹಾರಿಗಳಿಗೆ ಬೇಸಿಗೆಯಲ್ಲಿ ಪಕ್ಕದ ಅಂಗಡಿಯ ಹಸಿ ಬಟಾಣಿ ಕಾಯಿ. ಅಳತೆ ಲೀಟರಿನ ಲೆಕ್ಕ, ಬಿಡಿಸಿ ಹಾಗೇ ಬಾಯಿಗೆ ಹಾಕಿಕೊಳ್ಳುವುದು. ಒಂದು ಲೀಟರ್ ತೆಗೆದುಕೊಂಡು ದೋಣಿ ಕಟ್ಟೆಯ ಮೇಲೆ ಕೂತರೆ ಅರ್ಧ ಗಂಟೆ ಹೋದದ್ದು ಗೊತ್ತಾಗುವುದಿಲ್ಲ.

ಮನೆಗೆ ಬಂದ ಮೇಲೆ ಶೂ ಒಳಗಿನ ಹಿಮ ಕರಗಿ ಒದ್ದೆಯಾಗಿರುತ್ತದೆ. ಹೀಟರ್ ಮೇಲೆ ಇಡಬೇಡಿ, ಅಂಟು ಬಿಡುತ್ತದೆ. ಹಳೆ ಪೇಪರ್ ಮುದ್ದೆ ಮಾಡಿ ಒಳಗೆ ತುರುಕಿ, ಒಂದು ಗಂಟೆ ಬಿಟ್ಟು ಪೇಪರ್ ಬದಲಿಸಿ. ಬೆಳಗ್ಗೆ ಹೊತ್ತಿಗೆ ಒಣಗಿರುತ್ತದೆ.